ಕುಂಟುವ ಕಟ್ಟಿಗೆ ಮೀನು

ವರದಾ ಹೊಳೆಯ ದಂಡೆಯಲ್ಲಿ ಗಾಳ ಹಿಡಿದು ನಿಂತರೆ ಸ್ವಲ್ಪ ಹೊತ್ತಿಗೆ ಯಾರಾದರೂ ಬಂದು ಪಕ್ಕದಲ್ಲಿ ಕೂರುತ್ತಾರೆ. ಎಮ್ಮೆ ಮೈ ತೊಳೆಯಲು ಬಂದವರು, ಪಂಪ್‌ಸೆಟ್ ಚಾಲೂ ಮಾಡಲು ಬಂದವರು. ಮೊದಲು ನೀರು ನೋಡುತ್ತಾರೆ, ಆಮೇಲೆ ನನ್ನ ಡಬ್ಬಿ ನೋಡುತ್ತಾರೆ. ಡಬ್ಬಿಯಲ್ಲಿ ಎರೆಹುಳ ಇರುವುದಿಲ್ಲ, ಹಿಟ್ಟಿನ ಉಂಡೆಯೂ ಇರುವುದಿಲ್ಲ. ಬೆರಳುದ್ದದ ಕಟ್ಟಿಗೆ ಮೀನುಗಳಿರುತ್ತವೆ. "ಇದಕ್ಕ ಮೀನ ಬೀಳತಾವೇನ್ರಿ?" ಅಂತ ಕೇಳುತ್ತಾರೆ. ಬೀಳುತ್ತವೆ ಅಂದರೆ ಎರಡನೇ ಪ್ರಶ್ನೆ ಬರುತ್ತದೆ. "ಪ್ಯಾಟ್ಯಾಗ ಪ್ಲಾಸ್ಟಿಕ್ಕಿನವು ಸಿಗತಾವಲ್ರಿ, ಕೆತ್ತಕೋತ ಯಾಕ ಕುಂದರತೀರಿ?"

ಈ ಎರಡನೇ ಪ್ರಶ್ನೆಗೆ ದಂಡೆಯ ಮೇಲೆ ನಿಂತು ಪೂರ್ತಿ ಉತ್ತರ ಹೇಳಲು ಆಗುವುದಿಲ್ಲ. ಹೇಳುವಷ್ಟರಲ್ಲಿ ಎಮ್ಮೆ ಪಕ್ಕದ ಹೊಲಕ್ಕೆ ನುಗ್ಗಿರುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇದಕ್ಕೆ ಗಾಳಗಾರರು ಲ್ಯೂರ್ ಅನ್ನುತ್ತಾರೆ. ತಿನ್ನಲು ಬಾರದ ಎರೆ. ಇದರಲ್ಲಿ ವಾಸನೆ ಇಲ್ಲ, ರುಚಿ ಇಲ್ಲ. ಹಾಗಾಗಿ ನೀರಿಗೆ ಬಿಟ್ಟು ಸುಮ್ನೆ ಕೂತರೆ ಏನೂ ಆಗುವುದಿಲ್ಲ. ಎಸೆಯಬೇಕು, ರೀಲ್ ಸುತ್ತಿ ಎಳೆಯಬೇಕು. ಎಳೆದಾಗ ಅದು ಹೇಗೆ ಚಲಿಸುತ್ತದೆ ಅನ್ನುವುದೊಂದೇ ಮೀನನ್ನು ಕರೆಯುವುದು. ಎರೆಹುಳ ಹಾಕಿದವನು ಮೀನಿನ ಹಸಿವನ್ನು ನಂಬುತ್ತಾನೆ. ಲ್ಯೂರ್ ಹಾಕಿದವನು ಮೀನಿನ ಬೇಟೆಯ ಚಟವನ್ನು ನಂಬುತ್ತಾನೆ. ಅದಕ್ಕೇ ಕಾಟ್ಲಾ, ರೋಹುವಿನಂಥ ಸಾಧು ಮೀನುಗಳು ಇದರ ಕಡೆ ಸಾಮಾನ್ಯವಾಗಿ ತಿರುಗಿ ನೋಡುವುದಿಲ್ಲ. ಬರುವುದು ಬೇಟೆಯ ಮೀನುಗಳು. ನಮ್ಮ ಕೆರೆಗಳ ಕೊರವ, ಹೊಳೆಯ ಬಾಳೆ ಮೀನು.

ಬೇಟೆಯ ಮೀನಿನ ಲೆಕ್ಕ ಬಹಳ ಸರಳ. ಓಡಿಸಿ ಹಿಡಿಯಲು ಬಲ ಖರ್ಚಾಗುತ್ತದೆ. ಆ ಖರ್ಚಿಗಿಂತ ಊಟದಲ್ಲಿ ಸಿಗುವುದು ಜಾಸ್ತಿ ಇರಬೇಕು. ನೂರು ಮರಿಮೀನುಗಳ ಗುಂಪಿನಲ್ಲಿ ಒಂದು ಸ್ವಲ್ಪ ಸೊಟ್ಟಗೆ ಈಜುತ್ತಿದ್ದರೆ, ಅದರ ಮೇಲೇ ಕಣ್ಣು ಬೀಳುತ್ತದೆ. ಗಾಯವಾದದ್ದು, ಸುಸ್ತಾದದ್ದು ಸುಲಭವಾಗಿ ಸಿಗುತ್ತದೆ ಅಲ್ವಾ?

ಇದನ್ನು ಸರಿಯಾಗಿ ಗಮನಿಸಿದ್ದು ಫಿನ್ಲೆಂಡಿನ ಒಬ್ಬ ಬಡ ಮೀನುಗಾರ, ಲೌರಿ ರಾಪಾಲಾ. ಅಲ್ಲಿನ ಪೈಯಾನೆ ಅನ್ನುವ ದೊಡ್ಡ ಸರೋವರದಲ್ಲಿ ದೋಣಿ ಹುಟ್ಟು ಹಾಕುತ್ತಾ, ದೊಡ್ಡ ಮೀನು ಯಾವ ಮರಿಯನ್ನು ಆರಿಸಿಕೊಳ್ಳುತ್ತದೆ ಅಂತ ನೋಡುತ್ತಿದ್ದ. ಕುಂಟುವ ಮರಿಯೇ ಮೊದಲು ಹೋಗುತ್ತಿತ್ತು. 1936ರಲ್ಲಿ ಆತ ಚಮ್ಮಾರರ ಚಾಕುವಿನಿಂದ ಕಾರ್ಕ್ ತುಂಡನ್ನು ಕೆತ್ತಿ ಒಂದು ಮೀನು ಮಾಡಿದ. ಹೊಳಪಿಗೆ ಚಾಕೊಲೇಟ್ ಸುತ್ತಿದ ಬೆಳ್ಳಿ ಹಾಳೆ ಅಂಟಿಸಿದ. ವಾರ್ನಿಷ್ ಕೊಳ್ಳಲು ದುಡ್ಡಿಲ್ಲದೆ ಹಳೆಯ ಫೋಟೋ ನೆಗೆಟಿವ್‌ಗಳನ್ನು ಕರಗಿಸಿ ಮೇಲೆ ಬಳಿದ. ಮುಂದೆ ಬಾಲ್ಸಾ ಅನ್ನುವ ಬಹಳ ಹಗುರ ಮರಕ್ಕೆ ಬದಲಾಯಿಸಿಕೊಂಡ. 1962ರ ಆಗಸ್ಟಿನಲ್ಲಿ ಅಮೆರಿಕದ ಲೈಫ್ ಪತ್ರಿಕೆ ಇದರ ಬಗ್ಗೆ ಬರೆಯಿತು. ಆಗಷ್ಟೇ ತೀರಿಕೊಂಡಿದ್ದ ಮರ್ಲಿನ್ ಮನ್ರೋ ಆ ಸಂಚಿಕೆಯ ಮುಖಪುಟದಲ್ಲಿದ್ದಳು. ಪತ್ರಿಕೆ ಮನೆಮನೆಗೆ ಹೋಯಿತು, ರಾಪಾಲಾನ ಕಟ್ಟಿಗೆ ಮೀನೂ ಅದರ ಜೊತೆಗೆ ಹೋಯಿತು.

ಆದರೆ ನನಗೆ ಆ ಪ್ರಸಿದ್ಧಿಗಿಂತ ದೊಡ್ಡದು ಅನಿಸುವುದು ಆತ ಕುಂಟುವುದನ್ನು ನಕಲು ಮಾಡಿದ್ದು. ಅಂದವಾದ ಮೀನನ್ನು ಕೆತ್ತುವವರು ಎಷ್ಟೋ ಜನ ಸಿಗುತ್ತಾರೆ. ಸರಿಯಾಗಿ ಕುಂಟುವ ಮೀನನ್ನು ಕೆತ್ತುವುದು ಬೇರೆಯೇ ವಿದ್ಯೆ. ಅದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ತೂಕದಿಂದ ಶುರು ಮಾಡೋಣ. ನೀವು 9 ಸೆಂಟಿಮೀಟರ್ ಉದ್ದದ, ನಡುವೆ 2 ಸೆಂಟಿಮೀಟರ್ ದಪ್ಪದ, ಎರಡೂ ತುದಿ ಸಪೂರಾದ ಒಂದು ಮೀನು ಕೆತ್ತಿದಿರಿ ಅನ್ನೋಣ. ಅದು ನೀರಲ್ಲಿ ಪೂರ್ತಿ ಮುಳುಗಿದರೆ ಸುಮಾರು 18 ಗ್ರಾಂ ನೀರನ್ನು ಪಕ್ಕಕ್ಕೆ ತಳ್ಳುತ್ತದೆ. ಅಂದರೆ ನಿಮ್ಮ ಕೈಯಲ್ಲಿ ಇರುವ ಬಂಡವಾಳ 18 ಗ್ರಾಂ. ಕಟ್ಟಿಗೆ, ಗಾಳ, ತಂತಿ, ಬಣ್ಣ, ಸೀಸ ಎಲ್ಲ ಸೇರಿ ಅದರೊಳಗೆ ಇದ್ದರೆ ತೇಲುತ್ತದೆ, ದಾಟಿದರೆ ಮುಳುಗುತ್ತದೆ.

ಈಗ ಮರ ಬದಲಾಯಿಸಿ ನೋಡಿ. ಸಾಗವಾನಿಯಲ್ಲಿ ಕೆತ್ತಿದರೆ ಕಟ್ಟಿಗೆಯೇ 12 ಗ್ರಾಂ ಹತ್ತಿರ ತಿಂದುಬಿಡುತ್ತದೆ. ಉಳಿಯುವುದು 6 ಗ್ರಾಂ. ಗಾಳ, ತಂತಿಗೆ 3-4 ಗ್ರಾಂ ಹೋಯಿತು ಅಂದರೆ ಸೀಸಕ್ಕೆ ಉಳಿಯುವುದು ಚೂರೇ ಚೂರು. ಅದೇ ಆಕಾರವನ್ನು ಬಾಲ್ಸಾದಲ್ಲಿ ಕೆತ್ತಿದರೆ ಕಟ್ಟಿಗೆಯ ತೂಕ 3 ಗ್ರಾಂ ಅಷ್ಟೇ. ಇನ್ನೂ 15 ಗ್ರಾಂ ನಿಮ್ಮ ಕೈಯಲ್ಲಿದೆ. ಬಾಲ್ಸಾ ದಕ್ಷಿಣ ಅಮೆರಿಕದ ಮರ, ನಮ್ಮ ಕಡೆ ಸುಲಭವಾಗಿ ಸಿಗುವುದಿಲ್ಲ. ಆದರೆ ನಮ್ಮಲ್ಲಿ ಬೂರುಗ ಇದೆ, ಹಾಲವಾಣ ಇದೆ. ಹಣ್ಣಿನ ಪೆಟ್ಟಿಗೆಯ ಹಗುರ ಹಲಗೆಗಳಿವೆ. ಬಂಡಿಯ ಗಾಲಿಗೆ ಹೇಳಿ ಮಾಡಿಸಿದಂಥ ಜಾಲಿ ಮಾತ್ರ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಗಾಲಿಗೆ ಬೇಕಾದ ಗುಣ ಬೇರೆ, ಮೀನಿಗೆ ಬೇಕಾದ ಗುಣ ಬೇರೆ.

ಕಟ್ಟಿಗೆ ತೇಲುವುದೇ ಅದರೊಳಗಿನ ಖಾಲಿ ಜಾಗದಿಂದ. ಮರದ ಜೀವಕೋಶಗಳ ಗೋಡೆಯನ್ನಷ್ಟೇ ತೂಗಿದರೆ ಅದು ನೀರಿಗಿಂತ ಒಂದೂವರೆ ಪಟ್ಟು ಭಾರ, ಯಾವ ಮರವಾದರೂ ಸರಿ. ಸಾಗವಾನಿಗೂ ಬೂರುಗಕ್ಕೂ ಇರುವ ವ್ಯತ್ಯಾಸ ಆ ಗೋಡೆಗಳ ನಡುವೆ ಎಷ್ಟು ಗಾಳಿ ಇದೆ ಅನ್ನುವುದರಲ್ಲಿ. ಕಟ್ಟಿಗೆ ಎಷ್ಟು ಹಗುರ ಅಂತ ತಿಳಿಯಲು ತಕ್ಕಡಿ ಬೇಡ. ಚೌಕಾಕಾರದ ತುಂಡೊಂದನ್ನು ಬಕೆಟ್ ನೀರಿಗೆ ಬಿಡಿ. ಅದರ ದಪ್ಪದ ಹತ್ತರಲ್ಲಿ ನಾಲ್ಕು ಪಾಲು ಮುಳುಗಿದರೆ, ಅಷ್ಟೇ ಗಾತ್ರದ ನೀರಿನ ತೂಕದ ಹತ್ತರಲ್ಲಿ ನಾಲ್ಕು ಪಾಲು ತೂಗುತ್ತದೆ ಅಂತ ಅರ್ಥ. ಕಟ್ಟಿಗೆ ಆರಿಸುವಾಗ ನಾನು ಇವತ್ತಿಗೂ ಹೀಗೇ ನೋಡುವುದು.

ಹಗುರ ಮರ ಯಾಕೆ ಬೇಕು ಅಂದರೆ, ಉಳಿಸಿದ ತೂಕವನ್ನು ನಮಗೆ ಬೇಕಾದ ಜಾಗದಲ್ಲಿ ಇಡಬಹುದು. ಇದು ನನಗೆ ಗೊತ್ತಾದದ್ದು ನಮ್ಮೂರಿನ ಬಡಿಗ ಕಾಕಾನ ಅಂಗಳದಲ್ಲಿ. ನನ್ನ ಮೊದಲ ಕಟ್ಟಿಗೆ ಮೀನು ನೋಡಲು ಚೆನ್ನಾಗಿತ್ತು, ನೀರಿಗೆ ಹಾಕಿದರೆ ಅಂಗಾತ ಮಲಗುತ್ತಿತ್ತು. ಕಾಕಾ ಅದನ್ನು ಅಂಗೈಯಲ್ಲಿ ಉರುಳಿಸಿ ನೋಡಿ, "ತಮ್ಮಾ, ಇದಕ್ಕ ಹೊಟ್ಟಿ ಇಲ್ಲ" ಅಂದರು. ಆಮೇಲೆ ಒಂದು ಬುಗುರಿ ತಂದು ತೋರಿಸಿದರು. ಬುಗುರಿಯ ಮೊಳೆ ನೆಟ್ಟಗಿಲ್ಲದಿದ್ದರೆ, ಭಾರ ಒಂದು ಕಡೆಗೆ ಜಾಸ್ತಿಯಾದರೆ ಅದು ಗುಂಯ್ ಅನ್ನುವುದಿಲ್ಲ, ತಡವರಿಸುತ್ತದೆ. ಮೀನಿನಲ್ಲೂ ಭಾರದ ಜಾಗವೇ ಎಲ್ಲವನ್ನೂ ನಿರ್ಧರಿಸುತ್ತದೆ.

ಕಾಕಾ ಹೊಟ್ಟೆಯ ಕೆಳಗೆ ಸಣ್ಣ ರಂಧ್ರ ಕೊರೆದು ಸೀಸದ ಗುಂಡು ಕೂರಿಸಿದರು. ಸೀಸ ನೀರಿಗಿಂತ ಹನ್ನೊಂದು ಪಟ್ಟು ಭಾರ, ಹಾಗಾಗಿ ಕಡಲೆಕಾಳಿನಷ್ಟು ಸಾಕು. ಈಗ ಮೇಲಿನ ಹಗುರ ಬೆನ್ನು ಮೇಲಕ್ಕೇ ಹೋಗಲು ನೋಡುತ್ತದೆ, ಕೆಳಗಿನ ಭಾರದ ಹೊಟ್ಟೆ ಕೆಳಕ್ಕೇ ಇರಲು ನೋಡುತ್ತದೆ. ಮೀನನ್ನು ಪಕ್ಕಕ್ಕೆ ಉರುಳಿಸಿ ಬಿಟ್ಟರೆ ತಾನಾಗಿಯೇ ನೆಟ್ಟಗಾಗುತ್ತದೆ. ನೆಟ್ಟಗಾಗುವ ಭರದಲ್ಲಿ ಸ್ವಲ್ಪ ಆ ಕಡೆ ವಾಲುತ್ತದೆ, ಮತ್ತೆ ಈ ಕಡೆ. ತೊಟ್ಟಿಲು ತೂಗಿದ ಹಾಗೆ. ಸೀಸವನ್ನು ಒಂದು ಜೋಳದ ಕಾಳಿನಷ್ಟು ಹಿಂದೆ ಸರಿಸಿದರೆ ಆ ತೂಗಾಟವೇ ಬೇರೆ. ಬಾಲ ಕೆಳಕ್ಕಾಗಿ ಮೂತಿ ಮೇಲೆದ್ದು ನಿಲ್ಲುತ್ತದೆ. ದೂರಕ್ಕೆ ಎಸೆಯಲು ಅದು ಒಳ್ಳೆಯದು, ಎಳೆದಾಗಿನ ಕುಲುಕಾಟಕ್ಕೆ ಒಳ್ಳೆಯದಲ್ಲ.

ಇನ್ನು ಮೂತಿಯ ಕೆಳಗೆ ಓರೆಯಾಗಿ ಕೂರಿಸುವ ಸಣ್ಣ ತಗಡು. ತುಟಿ ಅನ್ನುತ್ತೇವೆ. ದಾರ ಎಳೆದಾಗ ನೀರು ಈ ತಗಡಿಗೆ ಬಡಿದು ಮೂತಿಯನ್ನು ಕೆಳಕ್ಕೆ ಒತ್ತುತ್ತದೆ. ತೇಲುತ್ತಿದ್ದ ಮೀನು ಮುಳುಗುತ್ತದೆ. ತುಟಿ ಮೈಯ ನೇರಕ್ಕೆ ಚಾಚಿದ್ದರೆ ಆಳಕ್ಕೆ ಹೋಗುತ್ತದೆ. ಲಂಬವಾಗಿ ಕೆಳಗೆ ಇಳಿಬಿದ್ದಿದ್ದರೆ ಮೇಲುಮೇಲೇ ದೊಡ್ಡದಾಗಿ ಕುಲುಕುತ್ತದೆ.

ಕುಲುಕುವುದು ಯಾಕೆ? ಮಳೆಗಾಲದಲ್ಲಿ ಕುಮಾರಪಟ್ಟಣದಿಂದ ಹರಿಹರಕ್ಕೆ ತುಂಗಭದ್ರೆಯನ್ನು ದಾಟುವಾಗ ಸೇತುವೆಯ ಕಂಬಗಳ ಹಿಂದೆ ನೋಡಿ. ನೀರು ಕಂಬಕ್ಕೆ ಬಡಿದು ಎರಡಾಗಿ ಸೀಳಿ ಹಿಂದೆ ಸುಳಿಗಳಾಗುತ್ತದೆ. ಆ ಸುಳಿಗಳು ಎರಡೂ ಕಡೆ ಒಟ್ಟಿಗೆ ಹುಟ್ಟುವುದಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಸರದಿ ಪ್ರಕಾರ ಕಳಚಿಕೊಂಡು ಹೋಗುತ್ತವೆ. ಇದರ ಗಣಿತ ಬಿಡಿಸಿದ ವಿಜ್ಞಾನಿ ಥಿಯೊಡೋರ್ ಫಾನ್ ಕಾರ್ಮಾನ್ ಹೆಸರಿನಲ್ಲೇ ಈ ಸುಳಿಸಾಲನ್ನು ಕರೆಯುತ್ತಾರೆ. ಸೇತುವೆಯ ಕಂಬ ಅಲುಗುವುದಿಲ್ಲ, ಯಾಕೆಂದರೆ ಅದು ನೆಲಕ್ಕೆ ಹೂತಿದೆ. ಲ್ಯೂರಿನ ತುಟಿ ಹಾಗಲ್ಲ. ಎಡಕ್ಕೆ ಸುಳಿ ಕಳಚಿದರೆ ಆ ಕಡೆ ವಾಲುತ್ತದೆ, ಬಲಕ್ಕೆ ಕಳಚಿದರೆ ಈ ಕಡೆ. ಹೊಟ್ಟೆಯ ಸೀಸ ಪ್ರತಿ ಸಲವೂ ನೆಟ್ಟಗೆ ಮಾಡಲು ಎಳೆಯುತ್ತದೆ. ಈ ಎರಡರ ಜಗ್ಗಾಟವೇ ನಮಗೆ ಕಾಣುವ ಈಜು.

ಮೀನು ಇದನ್ನು ಕಣ್ಣಿನಿಂದ ಮಾತ್ರ ನೋಡುವುದಿಲ್ಲ. ಮೀನು ಸ್ವಚ್ಛ ಮಾಡಿದವರಿಗೆ ಗೊತ್ತು, ಕಿವಿರಿನಿಂದ ಬಾಲದ ತನಕ ಮೈಮೇಲೆ ಒಂದು ಸಣ್ಣ ಗೆರೆ ಇರುತ್ತದೆ. ಅದು ಬರೀ ಗೆರೆಯಲ್ಲ. ಅದರ ಉದ್ದಕ್ಕೂ ಸೂಕ್ಷ್ಮ ರಂಧ್ರಗಳಿವೆ, ಒಳಗೆ ರೋಮದಂಥ ಎಳೆಗಳಿರುವ ಜೀವಕೋಶಗಳಿವೆ. ಪಕ್ಕದಲ್ಲಿ ನೀರು ಚೂರು ಅಲುಗಿದರೂ ಅವು ಬಾಗುತ್ತವೆ, ಮೀನಿಗೆ ತಿಳಿಯುತ್ತದೆ. ದೂರದಿಂದಲ್ಲ, ಹತ್ತಿರದಿಂದ. ಅದು ಸ್ಪರ್ಶಕ್ಕೂ ಕೇಳುವುದಕ್ಕೂ ನಡುವಿನ ಒಂದು ಇಂದ್ರಿಯ. ಮಳೆ ಬಿದ್ದು ವರದಾ ಚಹಾದ ಬಣ್ಣಕ್ಕೆ ತಿರುಗಿದಾಗ ಕಣ್ಣು ಎಷ್ಟು ದೂರ ನೋಡೀತು? ಆಗ ಮೀನು ಕೊನೆಯ ಒಂದು ಮೊಳದಲ್ಲಿ ನಂಬುವುದು ಈ ಗೆರೆಯನ್ನೇ.

ಅದಕ್ಕೇ ನಾನು ಬಣ್ಣಕ್ಕೆ ಬಹಳ ತಲೆ ಕೆಡಿಸಿಕೊಳ್ಳುವುದಿಲ್ಲ. ಕದಡಿದ ನೀರಿನಲ್ಲಿ ಮೀನಿಗೆ ಕಾಣುವುದು ನೆರಳಿನ ಆಕಾರ, ಬಿಳಿ ಹೊಟ್ಟೆ ಮತ್ತು ಕಪ್ಪು ಬೆನ್ನಿನ ವ್ಯತ್ಯಾಸ. ಬ್ಯಾಡಗಿ ಮೆಣಸಿನಕಾಯಿಯಂಥ ಕೆಂಪನ್ನು ಗಂಟಲಿಗೆ ಬಳಿಯುತ್ತೇನೆ ನಿಜ. ಅದು ನನ್ನ ಕಣ್ಣಿಗೆ ಬೇಕು ಅಂತ. ತಿಳಿ ನೀರಿನಲ್ಲಿ ಆಳಕ್ಕೆ ಹೋದಂತೆ ಮೊದಲು ಮಾಯವಾಗುವ ಬಣ್ಣವೇ ಕೆಂಪು.

ಈಗ ಪ್ಲಾಸ್ಟಿಕ್ಕಿನ ಮಾತು. ಪ್ಲಾಸ್ಟಿಕ್ ಲ್ಯೂರ್ ಕೆಟ್ಟದ್ದಲ್ಲ. ನೀರು ಕುಡಿಯುವುದಿಲ್ಲ, ಬಂಡೆಗೆ ಬಡಿದರೆ ಬೇಗ ಹಾಳಾಗುವುದಿಲ್ಲ, ಅಗ್ಗಕ್ಕೆ ಸಿಗುತ್ತದೆ. ಹೊಸದಾಗಿ ಶುರು ಮಾಡುವವರಿಗೆ ನಾನು ಅದನ್ನೇ ತೆಗೆದುಕೊಳ್ಳಿ ಅನ್ನುತ್ತೇನೆ. ಆದರೆ ಅದು ಒಂದೇ ಅಚ್ಚಿನಿಂದ ಬಂದದ್ದು. ಮೊದಲನೆಯದು ಹೇಗೆ ಈಜುತ್ತದೋ ಹತ್ತು ಸಾವಿರದ್ದೂ ಹಾಗೇ ಈಜುತ್ತದೆ. ಟೊಳ್ಳು ಹೊಟ್ಟೆ, ಒಳಗೆ ಗುಂಡು, ಎಳೆದರೆ ಗಿಲಕಿಯ ಸದ್ದು. ಕಟ್ಟಿಗೆ ತುಂಬು ಮೈಯದು. ಗಾಳ ಹೊಟ್ಟೆಗೆ ತಾಗಿದರೆ ಟಪ್ ಅನ್ನುವ ಮಂದ ಸದ್ದು ಬರುತ್ತದೆ. ಆ ಮೆತ್ತನೆಯ ಸದ್ದು ನಿಂತ ನೀರಿನ ಕೆರೆಯಲ್ಲಿ ಹೆಚ್ಚು ಸಹಜ ಅಂತ ನನ್ನ ಅನುಭವ.

ಕಟ್ಟಿಗೆಯಲ್ಲಿ ಎರಡು ಒಂದೇ ಥರ ಆಗುವುದೇ ಇಲ್ಲ. ಮಳೆ ಜಾಸ್ತಿ ಬಿದ್ದ ವರ್ಷ ಮರ ಬೇರೆ ಥರ ಬೆಳೆದಿರುತ್ತದೆ, ಬರಗಾಲದ ವರ್ಷ ಬೇರೆ ಥರ. ಹಲಗೆಯ ಒಂದು ತುದಿ ಬಿಗಿ, ಇನ್ನೊಂದು ತುದಿ ಸಡಿಲ. ಎಡ ಮಗ್ಗುಲಲ್ಲಿ ನಾರು ಒತ್ತಾಗಿದ್ದರೆ ಆ ಕಡೆ ಅರ್ಧ ಗ್ರಾಂ ಜಾಸ್ತಿ. ಅಷ್ಟು ಸಾಕು, ಈಜು ಬದಲಾಗಲು. ಒಂದೇ ಹಲಗೆಯಿಂದ, ಒಂದೇ ಕೈಯಿಂದ, ಒಂದೇ ದಿನ ಕೆತ್ತಿದ ಎರಡು ಮೀನುಗಳು ಅಣ್ಣ ತಮ್ಮಂದಿರಾಗಬಹುದು, ಒಬ್ಬನೇ ಆಗುವುದಿಲ್ಲ.

ಹಾಗಾಗಿ ಪ್ರತಿಯೊಂದನ್ನೂ ನೀರಿಗೆ ಇಳಿಸಿ ತಿದ್ದಬೇಕು. ಎಡಕ್ಕೆ ಎಳೆಯುತ್ತಿದೆಯಾ? ಮೂತಿಯ ದಾರದ ಕುಣಿಕೆಯನ್ನು ಎದುರು ಕಡೆಗೆ ಇಕ್ಕಳದಿಂದ ಕೂದಲೆಳೆಯಷ್ಟು ಬಗ್ಗಿಸಬೇಕು. ಮತ್ತೆ ಎಳೆದು ನೋಡಬೇಕು. ರಾಪಾಲಾ ಕೂಡ ಒಂದೊಂದು ಮೀನನ್ನೂ ನೀರಿನಲ್ಲಿ ಎಳೆದು ನೋಡಿಯೇ ಕಳಿಸುತ್ತಿದ್ದ. ತಂಬೂರಿಯ ತಂತಿ ಬಿಗಿಯುವವರು ಕಿವಿ ಕೊಟ್ಟು ಕೇಳುತ್ತಾರಲ್ಲ, ಇಲ್ಲಿ ದಾರ ಹಿಡಿದ ಬೆರಳು ಆ ಕೆಲಸ ಮಾಡುತ್ತದೆ. ಸರಿಯಾದ ಲ್ಯೂರ್ ದಾರದ ಮೂಲಕ ಬೆರಳಿಗೆ ಒಂದು ಸಣ್ಣ ನಡುಕ ಕಳಿಸುತ್ತದೆ.

ಅಪರೂಪಕ್ಕೆ ಒಂದು ಮೀನು ಸಿಗುತ್ತದೆ. ನೆಟ್ಟಗೆ ಬರುತ್ತಾ ಬರುತ್ತಾ ಇದ್ದಕ್ಕಿದ್ದಂತೆ ಪಕ್ಕಕ್ಕೆ ಸರಕ್ಕನೆ ಜಾರಿ, ಬೀಳುತ್ತದೆ ಅನ್ನುವಷ್ಟರಲ್ಲಿ ಮತ್ತೆ ದಾರಿಗೆ ಬರುತ್ತದೆ. ಸಮತೋಲದ ಅಂಚಿನಲ್ಲಿ ನಿಂತ ಮೀನು ಅದು. ಸೀಸ ಚೂರು ಜಾಸ್ತಿಯಾಗಿದ್ದರೆ ಬರೀ ನೆಟ್ಟಗೆ ಬರುತ್ತಿತ್ತು, ಚೂರು ಕಡಿಮೆಯಾಗಿದ್ದರೆ ಉರುಳಿಬಿಡುತ್ತಿತ್ತು. ಬೇಕು ಅಂತ ಮಾಡಲು ಹೋದರೆ ಬರುವುದಿಲ್ಲ. ಗಾಯವಾದ ಮೀನು ಈಜುವುದು ಹೀಗೇ. ಕೈಯಿಂದ ಕೆತ್ತುವವರು ಇಂಥದ್ದೊಂದು ಹುಟ್ಟಲಿ ಅಂತಲೇ ಇಪ್ಪತ್ತು ಕೆತ್ತುತ್ತಾರೆ.

ಕೆತ್ತಿದ ಮೇಲೆ ನೀರು ಒಳಗೆ ಹೋಗದಂತೆ ಕಾಯುವುದು ದೊಡ್ಡ ಕೆಲಸ. ಕಟ್ಟಿಗೆ ನೀರು ಕುಡಿದರೆ ಅಡ್ಡಡ್ಡಲಾಗಿ ಉಬ್ಬುತ್ತದೆ, ಬಣ್ಣ ಬಿರಿಯುತ್ತದೆ. ಮೂತಿ ಮತ್ತು ಬಾಲದ ಕಡೆ, ನಾರಿನ ತುದಿ ಹೊರಗೆ ಕಾಣುವ ಜಾಗದಲ್ಲಿ, ಸ್ಟ್ರಾ ಹಾಕಿ ಹೀರಿದಂತೆ ನೀರು ಒಳಗೆ ಏರುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳೂ ಹಗುರ ಮರದವೇ, ಅವುಗಳ ಮುಂದೆ ನನ್ನ ಕೆತ್ತನೆ ಏನೂ ಅಲ್ಲ. ಆದರೆ ಅಲ್ಲಿನ ಹುಣಸೆ ಬೀಜದ ಅಂಟು ದೇವರ ಮನೆಗೆ ಸರಿ, ಕೆರೆಗೆ ಸರಿಯಲ್ಲ.

ನಾನು ಬಳಸುವುದು ಅಗಸೆ ಎಣ್ಣೆ. ನಾವು ರೊಟ್ಟಿ ಜೊತೆ ಚಟ್ನಿಪುಡಿ ಮಾಡಿ ತಿನ್ನುತ್ತೇವಲ್ಲ, ಅದೇ ಅಗಸೆ. ಶೇಂಗಾ ಎಣ್ಣೆ ಹಚ್ಚಿದರೆ ಜಿಡ್ಡಾಗಿಯೇ ಉಳಿಯುತ್ತದೆ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಕಣಕ್ಕೆ ಕಣ ಕೊಂಡಿ ಹಾಕಿಕೊಂಡು ಗಟ್ಟಿ ಪದರವಾಗುತ್ತದೆ. ಹಸಿ ಎಣ್ಣೆಯಾದರೆ ಒಣಗಲು ಎಷ್ಟೋ ದಿನ ಬೇಕು. ಪೇಂಟ್ ಅಂಗಡಿಯ ಬಾಯ್ಲ್ಡ್ ಲಿನ್‌ಸೀಡ್ ಎಣ್ಣೆ ಬೇಗ ಒಣಗುತ್ತದೆ. ಒಂದು ಎಚ್ಚರ. ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಬಿಸಿ ಸೇರಿಕೊಂಡು ತಾನಾಗಿಯೇ ಬೆಂಕಿ ಹತ್ತಬಹುದು. ಬಟ್ಟೆಯನ್ನು ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿ.

ಗಾಳ ಸಿಕ್ಕಿಸುವ ತಂತಿಯನ್ನು ಮೂತಿಯಿಂದ ಬಾಲದ ತನಕ ಒಂದೇ ತುಂಡಾಗಿ ಹಾಯಿಸಬೇಕು. ಬಾಳೆ ಮೀನಿನ ದವಡೆಗೆ ಹಗುರ ಕಟ್ಟಿಗೆ ಸೀಳಿದರೂ ತಂತಿ ಉಳಿಯುತ್ತದೆ.

ಕೊರವದ ಬಗ್ಗೆ ಹೇಳದೆ ಮುಗಿಸಲು ಮನಸ್ಸಿಲ್ಲ. ಕೊರವ ನೀರಿನಲ್ಲಿದ್ದೂ ಗಾಳಿ ಉಸಿರಾಡುವ ಮೀನು. ಆಗಾಗ ಮೇಲೆ ಬಂದು ಬಾಯಿ ತೆರೆದು ಗಾಳಿ ನುಂಗುತ್ತದೆ. ಸಂಜೆ ಕೆರೆಯ ಜೊಂಡಿನ ಹತ್ತಿರ ಕೂತರೆ ಬುಳಕ್ ಅನ್ನುವ ಸದ್ದು ಕೇಳುತ್ತದೆ, ಒಂದು ಉಂಗುರ ಏಳುತ್ತದೆ. ಅದರ ಊಟದಲ್ಲಿ ಕಪ್ಪೆಯೂ ಇದೆ. ಅದಕ್ಕೆ ಮುಳುಗುವ ಲ್ಯೂರ್ ಬೇಡ, ತೇಲುವುದು ಬೇಕು. ಮೂತಿಯನ್ನು ಬಟ್ಟಲಿನಂತೆ ತೋಡಿದ ಕಟ್ಟಿಗೆ ಕಪ್ಪೆ. ಒಮ್ಮೆ ಜಗ್ಗಿದರೆ ಗುಳುಂ ಅಂತ ನೀರು ಚಿಮ್ಮಿಸುತ್ತದೆ. ಆಮೇಲೆ ಕೈ ಕಟ್ಟಿ ಕಾಯಬೇಕು, ಉಂಗುರ ಅಳಿಯುವ ತನಕ. ಅಮೆರಿಕದ ಹಳೆಯ ಲ್ಯೂರ್ ತಯಾರಕ ಜೇಮ್ಸ್ ಹೆಡನ್ ಕೂಡ ಮೊದಮೊದಲು ಕೆತ್ತಿದ್ದು ಕಟ್ಟಿಗೆ ಕಪ್ಪೆಗಳನ್ನೇ. 1890ರ ದಶಕದಲ್ಲಿ ಕೆರೆ ದಂಡೆಯಲ್ಲಿ ಕೂತು ಕೆತ್ತುತ್ತಿದ್ದ ಕಟ್ಟಿಗೆ ತುಂಡನ್ನು ಆತ ನೀರಿಗೆ ಎಸೆದಾಗ ಮೀನು ಎರಗಿತು ಅಂತ ಒಂದು ಕಥೆ ಇದೆ. ಕೊರವ ಎರಗುವುದನ್ನು ಕಂಡ ನನಗೆ ಆ ಕಥೆ ನಂಬಲು ಕಷ್ಟವಿಲ್ಲ.

ಆದರೆ ಕೊರವ ತಂದೆ ತಾಯಿಯಾಗಿರುವಾಗ ಗಾಳ ಹಾಕಬಾರದು. ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಕಾಣುತ್ತದೆ. ಕೆಳಗೆ ಕೊರವ ಕಾವಲು ಕಾಯುತ್ತಿರುತ್ತದೆ. ಆಗ ಏನು ಎಸೆದರೂ ಎರಗುತ್ತದೆ, ಹಸಿವಿಗಲ್ಲ, ಮರಿಗಳನ್ನು ಕಾಯಲು. ಅದನ್ನು ಎತ್ತಿಕೊಂಡರೆ ಅಷ್ಟೂ ಮರಿ ಬೇರೆಯವರ ಪಾಲು. ನಾನು ಅಲ್ಲಿಂದ ಎದ್ದು ಬರುತ್ತೇನೆ, ನೀವೂ ಬನ್ನಿ.

ಕೆರೆಗಳ ಮೀನು ಬಹಳ ಕಡೆ ಮೀನುಗಾರರ ಸಂಘಗಳ ಗುತ್ತಿಗೆಯಲ್ಲಿ ಇರುತ್ತದೆ, ಕೇಳಿಯೇ ಇಳಿಯಬೇಕು. ಗದಗ ಜಿಲ್ಲೆಯ ಮಾಗಡಿ ಕೆರೆಯ ಕಡೆಗಂತೂ ಗಾಳ ಒಯ್ಯಲೇಬೇಡಿ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದು ಇಳಿಯುವ ಜಾಗ ಅದು. 2024ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿದೆ. ಕಡಿದ ನೈಲಾನ್ ದಾರ ಹಕ್ಕಿಯ ಕಾಲಿಗೆ ಸುತ್ತಿಕೊಂಡರೆ ಬಿಡಿಸುವವರು ಯಾರೂ ಇರುವುದಿಲ್ಲ. ಸೀಸವೂ ಹಾಗೇ. ಕೆರೆಯ ತಳದಲ್ಲಿ ಬಿದ್ದ ಸೀಸದ ಗುಂಡನ್ನು ನೀರುಹಕ್ಕಿಗಳು ಕಲ್ಲು ಅಂತ ನುಂಗಿ ಸಾಯುತ್ತವೆ. ಹಂಸಗಳು ಹೀಗೆ ಸತ್ತದ್ದಕ್ಕೇ ಬ್ರಿಟನ್ 1987ರಲ್ಲಿ ಗಾಳದ ಸೀಸದ ಗುಂಡುಗಳಿಗೆ ನಿಷೇಧ ಹಾಕಿತು. ನಾನು ಈಗ ಹೊಸ ಮೀನುಗಳಿಗೆ ಹಿತ್ತಾಳೆ ಸರಳಿನ ತುಂಡು ಹಾಕುತ್ತಿದ್ದೇನೆ. ಹಿತ್ತಾಳೆ ಸೀಸಕ್ಕಿಂತ ಹಗುರ, ಹಾಗಾಗಿ ರಂಧ್ರ ದೊಡ್ಡದು ಬೇಕು, ಲೆಕ್ಕ ಮತ್ತೆ ಮೊದಲಿನಿಂದ ಶುರು. ಗಾಳದ ಹಿಮ್ಮುಳ್ಳನ್ನೂ ಇಕ್ಕಳದಿಂದ ಒತ್ತಿಬಿಡುತ್ತೇನೆ. ಸಣ್ಣ ಮೀನು ಬಿದ್ದರೆ ಬಾಯಿ ಹರಿಯದಂತೆ ಬಿಟ್ಟುಕೊಡಬಹುದು.

ಪಕ್ಕಕ್ಕೆ ಜಾರಿ ಮತ್ತೆ ದಾರಿಗೆ ಬರುವ ಅಪರೂಪದ ಮೀನು ನನಗೆ ಒಮ್ಮೆ ಸಿಕ್ಕಿತ್ತು. ಹಣ್ಣಿನ ಪೆಟ್ಟಿಗೆಯ ಹಲಗೆಯದು. ಗಳಗನಾಥದ ಹತ್ತಿರ, ವರದಾ ತುಂಗಭದ್ರೆಗೆ ಸೇರುವ ಜಾಗಕ್ಕಿಂತ ಸ್ವಲ್ಪ ಮೇಲೆ, ಮುಳುಗಿದ್ದ ಜಾಲಿ ಬೇರಿಗೆ ಸಿಕ್ಕಿ ದಾರ ಕಡಿಯಿತು. ಆ ಹಲಗೆಯ ಉಳಿದ ಅರ್ಧ ಇನ್ನೂ ಮನೆಯಲ್ಲಿತ್ತು. ಅದರಿಂದ ಈಗ ಆರು ಕೆತ್ತಿದ್ದೇನೆ. ಅಗಸೆ ಎಣ್ಣೆ ಹಚ್ಚಿ ಹಿತ್ತಲಿನ ತಂತಿಗೆ ಸಾಲಾಗಿ ತೂಗುಹಾಕಿದ್ದೇನೆ. ನಾಲ್ಕು ಒಣಗಿವೆ, ಎರಡು ಇನ್ನೂ ಕೈಗೆ ಅಂಟುತ್ತಿವೆ.